ಸಂಶಿಯಿಂದ ಕುಂದಗೋಳದವರೆಗೆ ಒಂದು ಪುಟ

ಬೆಳಗಿನ ರೈಲು ಸಂಶಿ ಸ್ಟೇಷನ್ ಬಿಟ್ಟ ಕೂಡಲೇ ನನ್ನ ಮೊಬೈಲ್ ಬ್ಯಾಗಿನೊಳಗೆ ಹೋಗುತ್ತದೆ, ನೋಟ್‌ಬುಕ್ ಹೊರಗೆ ಬರುತ್ತದೆ. ಮೇಲೆ ತಾರೀಖು ಹಾಕಿ ಬರೆಯಲು ಶುರು ಮಾಡುತ್ತೇನೆ. ಮುಂದಿನ ನಿಲ್ದಾಣ ಕುಂದಗೋಳ. ಹತ್ತು ಹದಿನೈದು ನಿಮಿಷದ ದಾರಿ. ಅಲ್ಲಿ ಗೆಳತಿಯರು ಹತ್ತುತ್ತಾರೆ, ಆಮೇಲೆ ಹುಬ್ಬಳ್ಳಿ ತನಕ ಮಾತೇ ಮಾತು. ಹಾಗಾಗಿ ಕುಂದಗೋಳ ಬರುವಷ್ಟರಲ್ಲಿ ಒಂದು ಪುಟ ಮುಗಿಯಬೇಕು. ಸೀಟು ಸಿಕ್ಕರೆ ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು, ಸಿಗದಿದ್ದರೆ ಒಳಗೆ ಎಲ್ಲಾದರೂ ಒರಗಿ ನಿಂತು ಬರೆಯುತ್ತೇನೆ. ಅಕ್ಷರ ಸೊಟ್ಟಗಾಗುತ್ತವೆ. ಅದು ಪರವಾಗಿಲ್ಲ, ಓದುವವಳು ನಾನೊಬ್ಬಳೇ.

ಈ ಅಭ್ಯಾಸ ಹವ್ಯಾಸವಾಗಿ ಹುಟ್ಟಿದ್ದಲ್ಲ, ಸೋಲಿನಿಂದ ಹುಟ್ಟಿದ್ದು. ಹತ್ತನೇ ತರಗತಿಯವರೆಗೆ ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಬಿಇ ಮೊದಲ ವರ್ಷ ಎರಡು ವಿಷಯಗಳಲ್ಲಿ ಫೇಲಾದೆ. ಓದಿರಲಿಲ್ಲ ಎಂದಲ್ಲ. ಪರೀಕ್ಷೆಯಲ್ಲಿ ಉತ್ತರ ತಲೆಯಲ್ಲಿತ್ತು, ವಾಕ್ಯ ಇರಲಿಲ್ಲ. ಚಿತ್ರ ಬರೆದು, ಭಾಗಗಳಿಗೆ ಹೆಸರು ಕೊಟ್ಟು, ವಿವರಣೆಯ ಜಾಗವನ್ನು ಖಾಲಿ ಬಿಟ್ಟು ಎದ್ದು ಬಂದಿದ್ದೆ. ಕ್ಯಾಂಪಸ್ ಸಂದರ್ಶನಕ್ಕೆ ಬರುವ ಎಷ್ಟೋ ಕಂಪನಿಗಳು ಬಾಕಿ ವಿಷಯ ಇದ್ದವರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ ಎಂದು ಸೀನಿಯರ್‌ಗಳು ಹೇಳಿದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಅಪ್ಪ ಏನೂ ಅನ್ನಲಿಲ್ಲ. ಫಲಿತಾಂಶದ ಬಗ್ಗೆ ಕೇಳುವುದನ್ನೇ ಬಿಟ್ಟುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಬರೆದು ಬರೆದೇ ಬರಹ ಬರಬೇಕು ಎಂದು ನಿರ್ಧರಿಸಿದೆ. ಆದರೆ ಮೊದಲ ಸಲ ಇಟ್ಟುಕೊಂಡ ಗುರಿಯೇ ನನ್ನನ್ನು ಕೆಡವಿತು. ಅಮೆರಿಕದಲ್ಲಿ 1999ರಲ್ಲಿ ಕೆಲವು ಗೆಳೆಯರು ಸೇರಿ ಒಂದು ಸವಾಲು ಆರಂಭಿಸಿದ್ದರು: ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವುದು. ಮುಂದೆ ಅದು ಪ್ರತಿ ನವೆಂಬರ್‌ನಲ್ಲಿ ಜಗತ್ತಿನ ಲಕ್ಷಾಂತರ ಜನ ಕೈಹಾಕುವ ಸವಾಲಾಯಿತು. ದಿನಕ್ಕೆ 1,667 ಪದ. ಎರಡನೇ ವರ್ಷದ ನವೆಂಬರ್‌ನಲ್ಲಿ ನಾನೂ ಕನ್ನಡದಲ್ಲಿ ಬರೆದೇ ತೀರುತ್ತೇನೆಂದು ಹೊಸ ಪೆನ್ನು, ಇನ್ನೂರು ಪುಟದ ನೋಟ್‌ಬುಕ್ ತಂದೆ. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ: ರಾತ್ರಿ ಒಂಬತ್ತರಿಂದ ಹನ್ನೊಂದು. ಮೊದಲ ದಿನ ಉತ್ಸಾಹ. ಎರಡನೇ ದಿನ ಕರೆಂಟ್ ಇರಲಿಲ್ಲ. ಮೂರನೇ ದಿನ ಲ್ಯಾಬ್ ರೆಕಾರ್ಡ್. ನಾಲ್ಕನೇ ದಿನ ಹಿಂದಿನ ಬಾಕಿ ಸೇರಿ ಬರೆಯಬೇಕಾದದ್ದು ಐದು ಸಾವಿರ ಪದ ದಾಟಿತ್ತು. ಆರನೇ ದಿನ ನೋಟ್‌ಬುಕ್ ಹಾಸಿಗೆಯ ಕೆಳಗೆ ಹೋಯಿತು. ವೇಳಾಪಟ್ಟಿ ಮಾತ್ರ ಎರಡು ತಿಂಗಳು ಗೋಡೆಯ ಮೇಲೇ ಇತ್ತು. ಅದರ ಕಡೆ ನೋಡದಂತೆ ಓಡಾಡುತ್ತಿದ್ದೆ.

ತಪ್ಪು ಎಲ್ಲಿತ್ತು ಎಂದು ತಿಳಿದದ್ದು ಕಾಲೇಜು ಗ್ರಂಥಾಲಯದಲ್ಲಿ ಒಬ್ಬ ಇಂಗ್ಲಿಷ್ ಕಾದಂಬರಿಕಾರನ ಆತ್ಮಕಥೆಯನ್ನು ತಿರುವಿಹಾಕಿದಾಗ. ಆತ ಆಂಥನಿ ಟ್ರಾಲಪ್. ಅಂಚೆ ಇಲಾಖೆಯ ನೌಕರ. ಕೆಲಸಕ್ಕೆ ಹೋಗುವ ಮುಂಚೆ, ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದ. ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಬರೆದ ಪುಟಗಳ ಲೆಕ್ಕವನ್ನು ದಿನವೂ ಡೈರಿಯಲ್ಲಿ ಬರೆದಿಡುತ್ತಿದ್ದ. ಹೀಗೆ 47 ಕಾದಂಬರಿಗಳನ್ನು ಮುಗಿಸಿದ. ಇದೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ನೌಕರಿಗಾಗಿ ಆತ ಸದಾ ರೈಲಿನಲ್ಲಿ ತಿರುಗಾಡಬೇಕಿತ್ತು. ಆ ಹೊತ್ತು ಹಾಳಾಗಬಾರದೆಂದು ತೊಡೆಯ ಮೇಲಿಟ್ಟು ಬರೆಯುವ ಚಿಕ್ಕ ಹಲಗೆಯೊಂದನ್ನು ಮಾಡಿಸಿಕೊಂಡು, ಪೆನ್ಸಿಲ್‌ನಲ್ಲಿ ಬರೆಯುತ್ತ ಹೋದ. ಹೆಂಡತಿ ಆಮೇಲೆ ಅದನ್ನು ನಕಲು ಮಾಡಿಕೊಡುತ್ತಿದ್ದಳು. 1857ರಲ್ಲಿ ಪ್ರಕಟವಾದ ಅವನ ಪ್ರಸಿದ್ಧ ಕಾದಂಬರಿ ‘ಬಾರ್ಚೆಸ್ಟರ್ ಟವರ್ಸ್’ನ ಬಹುಭಾಗ ಹುಟ್ಟಿದ್ದು ಹೀಗೆ ರೈಲಿನಲ್ಲೇ.

ನಾನೂ ದಿನಾ ರೈಲಿನಲ್ಲೇ ಇರುತ್ತೇನಲ್ಲ ಎಂದು ಹೊಳೆಯಿತು. ರಾತ್ರಿ ಒಂಬತ್ತು ಗಂಟೆ ನನ್ನ ಕೈಯಲ್ಲಿ ಇರಲಿಲ್ಲ. ಕರೆಂಟು, ನೆಂಟರು, ನಿದ್ದೆ, ಅವ್ವನ ಕೂಗು ಎಲ್ಲವೂ ಅದರ ಮೇಲೆ ಹಕ್ಕು ಹೇಳುತ್ತಿದ್ದವು. ರೈಲಾದರೆ ನಾನು ಬರೆಯಲಿ ಬಿಡಲಿ ಹೊರಡುತ್ತದೆ. ಅದಕ್ಕೆ ಬರಹವನ್ನು ಕಟ್ಟಿದರೆ ‘ಇವತ್ತು ಯಾವಾಗ ಬರೆಯಲಿ?’ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಕಳೆದ ವರ್ಷ ಮಾರ್ಚ್‌ನಲ್ಲಿ ಹೊಸ ಗುರಿ ಇಟ್ಟುಕೊಂಡೆ: ಒಂದು ನಿಲ್ದಾಣ, ಒಂದು ಪುಟ. ವಾರದಲ್ಲಿ ಮೂರು ದಿನ ಕನ್ನಡದಲ್ಲಿ ಮನಸ್ಸಿಗೆ ಬಂದದ್ದು. ಎರಡು ದಿನ ಹಿಂದಿನ ದಿನದ ಪಾಠ, ಪುಸ್ತಕ ಮುಚ್ಚಿಟ್ಟು, ನನ್ನದೇ ಇಂಗ್ಲಿಷಿನಲ್ಲಿ.

ನಮ್ಮ ಈ ಹಳಿಗೆ ಇನ್ನೊಂದು ನೆನಪೂ ಇದೆ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬಂದು ಸವಾಯಿ ಗಂಧರ್ವರ ಬಳಿ ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ನಾನು ಹೋಗುವ ದಿಕ್ಕಿಗೆ ಎದುರು ದಿಕ್ಕಿನ ಪ್ರಯಾಣ. ಸವಾಯಿ ಗಂಧರ್ವರ ಮೂಲ ಹೆಸರು ರಾಮಚಂದ್ರ ಕುಂದಗೋಳಕರ ಸಂಶಿ. ಅವರ ಹೆಸರಿನಲ್ಲೇ ನಮ್ಮೂರಿದೆ ಎಂಬುದು ನಮಗೊಂದು ಹೆಮ್ಮೆ. ಆ ಗುರು ಕಲಿಸಿದ್ದು ಕೆಲವೇ ರಾಗಗಳನ್ನು. ಒಂದು ತುಣುಕು ಗಂಟಲಲ್ಲಿ ಕುದುರುವವರೆಗೆ ಅದನ್ನೇ ಮತ್ತೆ ಮತ್ತೆ ಹಾಡಿಸುತ್ತಿದ್ದರು. ಮನೆ, ಸಂಸಾರ ಎಲ್ಲವನ್ನೂ ತೂಗಿಸಿಕೊಂಡು ಗಂಗೂಬಾಯಿ ಆ ತುಣುಕುಗಳಿಗಾಗಿ ರೈಲು ಹತ್ತುತ್ತಿದ್ದರು. 2002ರಲ್ಲಿ ಪದ್ಮವಿಭೂಷಣ ಪಡೆದ ದನಿ ಕಟ್ಟಿದ್ದು ಹೀಗೆ ತುಣುಕು ತುಣುಕಾಗಿ. ಅವರೊಂದಿಗೆ ನನ್ನನ್ನು ಹೋಲಿಸಿಕೊಳ್ಳುತ್ತಿಲ್ಲ. ಆದರೆ ಒಂದೇ ಪುಟ ಎಂದು ನಾಚಿಕೆಯಾದಾಗಲೆಲ್ಲ ಇದು ನೆನಪಾಗುತ್ತದೆ.

ಹಾಗೆಂದು ಎಲ್ಲವೂ ಸರಾಗವಾಗಿ ನಡೆಯಲಿಲ್ಲ. ಮೊದಲ ತೊಡಕು ರಜೆ. ಕಾಲೇಜಿಲ್ಲ ಎಂದರೆ ರೈಲಿಲ್ಲ, ರೈಲಿಲ್ಲ ಎಂದರೆ ಬರಹವೂ ಇಲ್ಲ. ಹತ್ತು ದಿನ ಕಳೆದ ಮೇಲೆ ಎಚ್ಚರವಾಯಿತು. ರಜೆಯಲ್ಲೂ ತಪ್ಪದ ಕೆಲಸ ಯಾವುದು ಎಂದು ಹುಡುಕಿದೆ. ಮುಂಜಾನೆ ಡೇರಿಗೆ ಹಾಲು ಹಾಕಿ ಬರುವುದು ನನ್ನ ಕೆಲಸ. ಎಮ್ಮೆಗೆ ರಜೆ ಇಲ್ಲ. ಕ್ಯಾನ್ ತೊಳೆದಿಟ್ಟು ಕಟ್ಟೆಯ ಮೇಲೆ ಕುಳಿತು ಒಂದು ಪುಟ ಬರೆಯುವುದು ರಜೆಯ ನಿಯಮವಾಯಿತು.

ಎರಡನೆಯ ತೊಡಕು ದೊಡ್ಡದು. ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲೇ ಅವ್ವ ಜ್ವರ ಬಂದು ಮಲಗಿದಳು. ಅಡುಗೆ, ದನ, ಹೊಲದಾಳುಗಳಿಗೆ ಬುತ್ತಿ, ಎಲ್ಲ ನನ್ನ ಮೇಲೆ ಬಿತ್ತು. ಕಾಲೇಜಿಗೆ ಹೋದದ್ದೇ ಕೆಲವು ದಿನ, ಹೋದ ದಿನವೂ ರೈಲಿನಲ್ಲಿ ನಿದ್ದೆ. ಮೂರು ವಾರ ನೋಟ್‌ಬುಕ್ ಖಾಲಿ. ಅವ್ವ ಎದ್ದು ಓಡಾಡತೊಡಗಿದ ಮೇಲೆ ಒಂದು ಭಾನುವಾರ ಕುಳಿತು, ತಪ್ಪಿದ ಹದಿನೈದು ಪುಟಗಳನ್ನೂ ಒಂದೇ ಸಲಕ್ಕೆ ಬರೆದು ಮುಗಿಸಲು ಹೊರಟೆ. ನಾಲ್ಕು ಪುಟಕ್ಕೆ ಕೈ ಸೋತಿತು. ಬರೆದದ್ದರಲ್ಲಿ ಹುರುಳೂ ಇರಲಿಲ್ಲ. ಮತ್ತೆ ಹಾಸಿಗೆಯ ಕೆಳಗಿನ ನೋಟ್‌ಬುಕ್ ನೆನಪಾಗಿ ಅಳು ಬಂತು.

ಅಪ್ಪ ಅಲ್ಲೇ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಏನೋ ಬರೆಯುತ್ತಿದ್ದರು. ಅವರು ದಿನಾ ಬರೆಯುತ್ತಾರೆ. ಎಷ್ಟು ಆಳು ಬಂದರು, ಎಷ್ಟು ಪಗಾರ ಕೊಟ್ಟದ್ದು, ಮಳೆ ಬಂತೋ ಇಲ್ಲವೋ, ಎಮ್ಮೆ ಎಷ್ಟು ಹಾಲು ಕೊಟ್ಟಿತು. ತಾರೀಖಿನ ಮನೆಯಲ್ಲಿ ಹಿಡಿಸುವಷ್ಟು, ಎರಡು ಸಾಲು. ಹಳೆಯ ಕ್ಯಾಲೆಂಡರ್‌ಗಳನ್ನು ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾರೆ. ಅದನ್ನು ಬರಹವೆಂದು ನಾನು ಎಂದೂ ಎಣಿಸಿರಲಿಲ್ಲ. ಅವತ್ತು ಎದ್ದುಹೋಗಿ ನೋಡಿದೆ. ಅವ್ವನಿಗೆ ಜ್ವರ ಬಂದ ವಾರದ ಮನೆಗಳೆಲ್ಲ ಖಾಲಿ.

“ಅಪ್ಪಾ, ಇವೆಲ್ಲಾ ಖಾಲಿ ಬಿಟ್ಟೀಯಲ್ಲ, ತುಂಬಂಗಿಲ್ಲೇನು?” ಎಂದೆ.

“ಅವತ್ತಿಂದು ಇವತ್ತು ಬರದ್ರ ಅದು ಸುಳ್ಳ ಲೆಕ್ಕ ಆಗ್ತೈತವ್ವಾ. ಬಿಟ್ಟಿದ್ದು ಬಿಟ್ಟಂಗ ಇರ್ಲಿ. ಇವತ್ತಿಂದು ಇವತ್ತ ಬರಿ.”

ಸ್ವಲ್ಪ ಹೊತ್ತು ಬಿಟ್ಟು ನನ್ನ ನೋಟ್‌ಬುಕ್ ಕಡೆ ನೋಡಿ, “ನಿಂದೂ ಅಷ್ಟ” ಎಂದರು. ಫಲಿತಾಂಶದ ನಂತರ ನನ್ನ ಓದು-ಬರಹದ ಬಗ್ಗೆ ಅವರು ಆಡಿದ ಮೊದಲ ಮಾತು ಅದು.

ಸೋಮವಾರ ರೈಲು ಸಂಶಿ ಬಿಟ್ಟಾಗ ಒಂದೇ ಪುಟ ಬರೆದೆ. ಹದಿನಾರಲ್ಲ, ಒಂದೇ. ಅಂದಿನಿಂದ ತಪ್ಪಿದ ದಿನವನ್ನು ಸಾಲವೆಂದು ಹೊತ್ತುಕೊಳ್ಳುವುದನ್ನು ಬಿಟ್ಟಿದ್ದೇನೆ. ತಾರೀಖು ಬರೆದು, ಮುಂದೆ ಗೆರೆ ಎಳೆದು, ಇಂದಿನದಕ್ಕೆ ಹೋಗುತ್ತೇನೆ. ನವೆಂಬರ್‌ನಲ್ಲಿ ನನ್ನನ್ನು ಮುಳುಗಿಸಿದ್ದು ತಪ್ಪಿದ ಒಂದು ದಿನವಲ್ಲ, ಅದನ್ನು ಮರುದಿನದ ತಲೆಯ ಮೇಲೆ ಹೇರಿದ ಲೆಕ್ಕ ಎಂದು ಈಗ ತಿಳಿಯುತ್ತದೆ.

ಇದಕ್ಕೆ ಅಧ್ಯಯನದ ಬೆಂಬಲವೂ ಇದೆ. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಅವರಿಗೆ ಕಂಡುಬಂದಂತೆ ಹೊಸ ಕೆಲಸ ತಾನಾಗಿಯೇ ನಡೆಯುವಂತಾಗಲು ಸುಮಾರು 66 ದಿನ ಬೇಕು. ಅದೂ ಒಬ್ಬೊಬ್ಬರಿಗೆ ಒಂದೊಂದು ಬಗೆ, 18 ದಿನದಿಂದ 254 ದಿನದವರೆಗೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡುವುದಿಲ್ಲ ಎಂಬುದೂ ಅವರಿಗೆ ಕಂಡಿತು. 22ನೇ ದಿನ ಕಷ್ಟವೆನಿಸಿತೆಂದು ‘ಇದು ನನ್ನಿಂದಾಗದು’ ಎಂದು ಕೈಬಿಟ್ಟ ಗೆಳೆಯರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಕೆಎಎಸ್‌ಗೆ ಪ್ರಬಂಧ ಅಭ್ಯಾಸ ಮಾಡುತ್ತಿರುವ ನನ್ನ ಗೆಳತಿಯೊಬ್ಬಳು ‘ನೀನು ಹೇಗೆ ಮಾಡಿದೆ?’ ಎಂದು ಕೇಳಿದ್ದಳು. ನಾನು ಹೇಳಿದ್ದು ಇಷ್ಟೇ. ಗುರಿಯನ್ನು ಹುಮ್ಮಸ್ಸಿನ ದಿನ ನೋಡಿ ಇಡಬೇಡ, ಜ್ವರ ಬಂದ ದಿನವೂ ಆಗುವಷ್ಟು ಇಡು. ಗಡಿಯಾರಕ್ಕಿಂತ, ದಿನಾ ಹೇಗೂ ನಡೆಯುವ ಒಂದು ಕೆಲಸಕ್ಕೆ ಅದನ್ನು ಕಟ್ಟು. ಬಹುಮಾನ ಬರಬೇಕು, ಪತ್ರಿಕೆಯಲ್ಲಿ ಅಚ್ಚಾಗಬೇಕು ಎಂಬುದನ್ನು ಗುರಿಯ ಪಟ್ಟಿಯಲ್ಲಿ ಬರೆಯಬೇಡ, ಅದು ಬೇರೆಯವರ ಕೈಯಲ್ಲಿದೆ. ಪುಟ ಬರೆಯುವುದು ನಿನ್ನ ಕೈಯಲ್ಲಿದೆ. ಬರೆದದ್ದಕ್ಕೆ ತಾರೀಖು ಹಾಕು. ತಪ್ಪಿದರೆ ಗೆರೆ ಎಳೆದು ಮುಂದೆ ನಡೆ.

ಇಲ್ಲಿಯವರೆಗೆ ನನ್ನ ನೋಟ್‌ಬುಕ್‌ಗಳಲ್ಲಿ 183 ಪುಟಗಳಾಗಿವೆ. ಗೆರೆ ಎಳೆದ ತಾರೀಖುಗಳೂ ಬಹಳ ಇವೆ. ಬಾಕಿಯಿದ್ದ ಎರಡೂ ವಿಷಯಗಳು ಪಾಸಾಗಿವೆ, ಒಂದರಲ್ಲಿ ಅಂಚಿನ ಅಂಕ. ಆದರೆ ವಿವರಣೆಯ ಜಾಗ ಈ ಸಲ ಖಾಲಿ ಇರಲಿಲ್ಲ. ಬರಹವೊಂದೇ ಇದನ್ನು ಮಾಡಿತು ಎನ್ನಲಾರೆ, ಓದಿಯೂ ಇದ್ದೆ. ಕನ್ನಡದ ಪುಟಗಳಿಂದ ತಿದ್ದಿದ ಮೂರು ಲೇಖನಗಳನ್ನು ಪತ್ರಿಕೆಗಳಿಗೆ ಕಳಿಸಿದ್ದೆ, ಯಾವುದೂ ಅಚ್ಚಾಗಲಿಲ್ಲ. ಇದು ನಾಲ್ಕನೆಯದು. ಹನ್ನೊಂದು ದಿನಗಳ ಪುಟಗಳನ್ನು ಕೂಡಿಸಿ, ತಿದ್ದಿ ಬರೆದದ್ದು. ಅಚ್ಚಾದರೆ ಅಪ್ಪನಿಗೆ ತೋರಿಸಬೇಕು. ಆಗದಿದ್ದರೂ ನಾಳೆ ಬೆಳಗ್ಗೆ ರೈಲು ಇದ್ದೇ ಇದೆ.