ಅರ್ಧ ಮಿಲಿಮೀಟರಿನ ಲೆಕ್ಕ: ವೆನೀರ್‌ಗಾಗಿ ಹಲ್ಲನ್ನು ಅಣಿಗೊಳಿಸುವ ಬಗೆಗಳು

ಬಡಗಿಗಳ ಮಾತಿನಲ್ಲಿ ವೆನೀರ್ ಎಂದರೆ ಪ್ಲೈವುಡ್ಡಿನ ಮೇಲೆ ಅಂಟಿಸುವ, ತೇಗದಂಥ ಬೆಲೆಬಾಳುವ ಮರದಿಂದ ತೆಗೆದ ತೆಳುಹಾಳೆ. ದಂತವೈದ್ಯರ ಮಾತಿನಲ್ಲಿ ಅದೇ ಪದವು ಬಣ್ಣಗೆಟ್ಟ, ಅಂಚು ಮುರಿದ, ಸಂದು ಬಿಟ್ಟ ಅಥವಾ ಆಕಾರದಲ್ಲಿ ಕುಂದಿರುವ ಮುಂಬಲ್ಲಿನ ಹೊರಮುಖಕ್ಕೆ ಅಂಟಿಸುವ ಪಿಂಗಾಣಿಯ ತೆಳುಪದರವನ್ನು ಸೂಚಿಸುತ್ತದೆ. ಅಂಟು ಚೆನ್ನಾಗಿ ಹಿಡಿಯಬೇಕಾದರೆ ಕೆಳಗಿನ ಮೈ ಗಟ್ಟಿಯಾಗಿಯೂ ಹದವಾಗಿಯೂ ಇರಬೇಕೆಂಬ ತತ್ವ ಎರಡಕ್ಕೂ ಸಮಾನವೇ. ಆದರೆ ಬಡಗಿಯು ಹಲಗೆಗೆ ಮತ್ತೊಮ್ಮೆ ತೋಪಡ ಹಾಕಿ ಹೊಸ ಮೈಯನ್ನು ತೆರೆಯಬಲ್ಲನು. ಹಲ್ಲಿನ ವಿಷಯದಲ್ಲಿ ಆ ಅನುಕೂಲವಿಲ್ಲ. ಆದ್ದರಿಂದ ಪಿಂಗಾಣಿಗೆ ಜಾಗ ಮಾಡಿಕೊಡಲು ಹಲ್ಲನ್ನು ಎಷ್ಟು ಕೆತ್ತಬೇಕು, ಎಲ್ಲಿ ಕೆತ್ತಬೇಕು ಮತ್ತು, ಎಲ್ಲಕ್ಕಿಂತ ಮುಖ್ಯವಾಗಿ, ಆ ಆಳವನ್ನು ಎಲ್ಲಿಂದ ಅಳೆಯಬೇಕು ಎಂಬುದೇ ಈ ಚಿಕಿತ್ಸೆಯ ತಿರುಳಾಗಿದೆ.

ಹಲ್ಲಿನ ಹೊರಕವಚವಾದ ಎನಾಮಲ್, ತೂಕದಲ್ಲಿ ಸುಮಾರು ಶೇ 96ರಷ್ಟು ಖನಿಜದಿಂದ ಕೂಡಿದ, ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೆ ನಶಿಸಿಹೋಗಿರುವುದರಿಂದ, ಒಮ್ಮೆ ಕಳೆದುಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದರ ಒಳಗಿರುವ ಡೆಂಟಿನ್ ಮೃದುವಾದ, ತುಸು ಬಾಗುವ, ತೇವವಿರುವ ಪದರ. ಅದರ ತುಂಬ ಹರಡಿರುವ ಅತಿಸೂಕ್ಷ್ಮ ನಾಳಗಳು ನರ ಮತ್ತು ರಕ್ತನಾಳಗಳಿರುವ ತಿರುಳಿನವರೆಗೆ ಸಾಗುತ್ತವೆ. ಡೆಂಟಿನ್ ಬಯಲಾದರೆ ತಣ್ಣೀರು ತಾಗಿದ ಕೂಡಲೇ ಹಲ್ಲು ಜುಮ್ಮೆನ್ನುವುದು ಈ ಕಾರಣದಿಂದಲೇ.

ಹಾಲಿವುಡ್‌ನ ದಂತವೈದ್ಯ ಚಾರ್ಲ್ಸ್ ಪಿಂಕಸ್ 1930ರ ದಶಕದ ಚಿತ್ರತಾರೆಯರಿಗೆ, ಬಾಲನಟಿ ಶಿರ್ಲಿ ಟೆಂಪಲ್‌ಗೂ ಸೇರಿದಂತೆ, ತೆಳುವಾದ ಮುಖವಾಡದಂಥ ಹಲ್ಲುಗಳನ್ನು ಮಾಡಿಕೊಟ್ಟಿದ್ದನು. ಅವು ಕಟ್ಟುಹಲ್ಲಿನ ಸೆಟ್ಟುಗಳಿಗೆ ಬಳಸುವ ಪುಡಿಯ ಬಲದಿಂದ ಚಿತ್ರೀಕರಣದ ಹೊತ್ತಿನಲ್ಲಿ ಮಾತ್ರ ನಿಲ್ಲುತ್ತಿದ್ದವು. ಹಲ್ಲನ್ನು ಕೆತ್ತುವ ಪ್ರಶ್ನೆಯೇ ಅಲ್ಲಿರಲಿಲ್ಲ. ಶಾಶ್ವತವಾಗಿ ಅಂಟಿಸುವ ದಾರಿ ತೆರೆದದ್ದು 1955ರಲ್ಲಿ. ಫಾಸ್ಫಾರಿಕ್ ಆಮ್ಲವನ್ನು ಸ್ವಲ್ಪ ಹೊತ್ತು ಸವರಿದರೆ ಎನಾಮಲ್ಲಿನ ನುಣುಪು ಮೈ ಸೂಕ್ಷ್ಮವಾಗಿ ಉರುಟಾಗಿ, ರಾಳವು ಅದರೊಳಗೆ ಇಳಿದು ಗಟ್ಟಿಯಾಗಿ ಬೇರೂರುತ್ತದೆಂದು ಮೈಕೆಲ್ ಬ್ಯುನೊಕೋರ್ ಆ ವರ್ಷ ತೋರಿಸಿಕೊಟ್ಟನು. ಪಿಂಗಾಣಿಯ ಒಳಮೈಯನ್ನೂ ಹೈಡ್ರೋಫ್ಲೋರಿಕ್ ಆಮ್ಲದಿಂದ ಹಾಗೆಯೇ ಉರುಟುಗೊಳಿಸಬಹುದೆಂದು ಸೈಮನ್ಸನ್ ಮತ್ತು ಕಲಾಮಿಯಾ 1983ರಲ್ಲಿ ಪ್ರಕಟಿಸಿದ ಮೇಲೆ, ಎರಡು ಉರುಟು ಮೈಗಳ ನಡುವೆ ರಾಳವಿಟ್ಟು ಬೆಸೆಯುವ ಇಂದಿನ ವೆನೀರ್ ರೂಪುಗೊಂಡಿತು. ಈ ಬೆಸುಗೆ ಪೂರ್ತಿ ನಂಬಿಕೆಗೆ ಅರ್ಹವಾಗಿರುವುದು ಎನಾಮಲ್ಲಿನ ಮೇಲೆ ಎಂಬ ಅಂಶವನ್ನು ಬಿಟ್ಟರೆ ಮುಂದಿನ ಯಾವ ವಿಧಾನದ ಗುಣದೋಷವೂ ಅರ್ಥವಾಗಲಾರದು.

ತೊಡಕು ಅಳತೆಯಲ್ಲಿದೆ. ಮೇಲಿನ ಬಾಚಿಹಲ್ಲಿನ ಹೊರಮುಖದಲ್ಲಿ ಎನಾಮಲ್ಲಿನ ದಪ್ಪ ಒಸಡಿನ ಬಳಿ ಸುಮಾರು 0.3ರಿಂದ 0.5 ಮಿಲಿಮೀಟರ್, ನಡುಭಾಗದಲ್ಲಿ 0.6ರಿಂದ 1 ಮಿಲಿಮೀಟರ್, ಕಚ್ಚುವ ಅಂಚಿನ ಕಡೆ ಒಂದು ಮಿಲಿಮೀಟರಿಗೂ ಮಿಗಿಲು; ವಯಸ್ಸಾದಂತೆ ಸವೆದು ಇದು ಇನ್ನೂ ತೆಳುವಾಗುತ್ತದೆ. ಹಳೆಯ ಬಗೆಯ ಫೆಲ್ಡ್‌ಸ್ಪಾರ್ ಪಿಂಗಾಣಿಗೆ 0.3ರಿಂದ 0.5 ಮಿಲಿಮೀಟರ್ ಜಾಗ ಸಾಕು, ಇಂದು ಹೆಚ್ಚು ಬಳಕೆಯಲ್ಲಿರುವ, ಅದಕ್ಕಿಂತ ಗಟ್ಟಿಯಾದ ಲಿಥಿಯಂ ಡೈಸಿಲಿಕೇಟ್‌ಗೆ ಸಾಮಾನ್ಯವಾಗಿ ತುಸು ಹೆಚ್ಚು ಬೇಕು. ಹಲ್ಲಿನ ಬಣ್ಣ ಕಡುವಾದಷ್ಟೂ ಅದನ್ನು ಮರೆಮಾಡುವ ಪದರವೂ ದಪ್ಪವಾಗಬೇಕು. ಹೀಗಿರುವಾಗ ಇಡೀ ಹೊರಮುಖದಿಂದ ಒಂದೇ ಸಮನೆ ಅರ್ಧ ಮಿಲಿಮೀಟರ್ ತೆಗೆದರೆ ಒಸಡಿನ ಬಳಿ ಡೆಂಟಿನ್ ಬಯಲಾಗುವುದು ಬಹುಮಟ್ಟಿಗೆ ಖಚಿತ.

ಮೊದಲ ತಲೆಮಾರಿನ ವೈದ್ಯರು ಅನುಸರಿಸಿದ್ದು ಕೈಯಳತೆಯ ಕ್ರಮವನ್ನು. ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಏರೋಟರ್ ತುದಿಯ ವಜ್ರಲೇಪಿತ ಬರ್‌ನಿಂದ, ಕಣ್ಣಂದಾಜು ಮತ್ತು ಅನುಭವವನ್ನೇ ನಂಬಿ ಹಲ್ಲನ್ನು ತೇಯುವುದು. ನುರಿತ ಕೈಗೂ ಕಾಲು ಮಿಲಿಮೀಟರ್ ಎಂಬುದು ಕಣ್ಣಿಗೆ ನಿಲುಕದ ಅಂತರವಾದ್ದರಿಂದ ಈ ಕ್ರಮದಲ್ಲಿ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಆಗುವುದು ತಪ್ಪದು. ಅದನ್ನು ತಿದ್ದಲೆಂದು ಬಂದದ್ದು ಆಳಸೂಚಕ ಬರ್. 0.3 ಅಥವಾ 0.5 ಮಿಲಿಮೀಟರಿಗಿಂತ ಒಳಗೆ ಇಳಿಯದಂತೆ ರೂಪಿಸಿದ ಈ ಬರ್ ಹಲ್ಲಿನ ಮೇಲೆ ಅಡ್ಡಗೆರೆಗಳನ್ನು ಕೊರೆಯುತ್ತದೆ. ಗೆರೆಗಳ ತಳಕ್ಕೆ ಪೆನ್ಸಿಲ್ ಬಣ್ಣ ಹಚ್ಚಿ, ಆ ಬಣ್ಣ ಮಾಯವಾಗುವಷ್ಟು ಮಾತ್ರ ನಡುವಿನ ದಿಬ್ಬಗಳನ್ನು ತೆಗೆಯಲಾಗುತ್ತದೆ. ಬಾಚಿಹಲ್ಲಿನ ಹೊರಮುಖ ಚಪ್ಪಟೆಯಲ್ಲ, ಒಸಡಿನಿಂದ ಅಂಚಿನವರೆಗೆ ಬಾಗುತ್ತ ಹೋಗುತ್ತದೆ ಎಂಬುದನ್ನು ಮರೆತು ಬರ್ ಅನ್ನು ಒಂದೇ ಕೋನದಲ್ಲಿ ಹಿಡಿದರೆ ನಡುಭಾಗ ತಿರುಳಿನ ಸಮೀಪಕ್ಕೆ ಇಳಿಯುತ್ತದೆ ಅಥವಾ ಅಂಚಿನ ಬಳಿ ಜಾಗ ಸಾಲದೆ ಪಿಂಗಾಣಿ ಉಬ್ಬುತ್ತದೆ. ಹಾಗಾಗಿ ಮೂರು ಇಳಿಜಾರುಗಳಲ್ಲಿ ಕೆತ್ತಬೇಕೆಂಬ ಪಾಠ ಈ ಕ್ರಮದೊಂದಿಗೇ ನೆಲೆಯೂರಿತು.

ಆಳಸೂಚಕ ಬರ್ ತನ್ನ ಕೆಲಸವನ್ನು ನಿಖರವಾಗಿಯೇ ಮಾಡುತ್ತದೆ. ಆದರೆ ಅದು ಅಳೆಯುವುದು ಈಗಿರುವ ಹಲ್ಲಿನ ಮೈಯಿಂದ. ಸವೆದು ಒಳಸರಿದ, ಮೂಲ ಗಾತ್ರದಲ್ಲಿ ಈಗಾಗಲೇ ಅರ್ಧ ಮಿಲಿಮೀಟರ್ ಕಳೆದುಕೊಂಡ ಹಲ್ಲಿನಿಂದ ಮತ್ತೆ ಅರ್ಧ ಮಿಲಿಮೀಟರ್ ತೆಗೆದು, ಅದರ ಮೇಲೆ ಒಂದು ಮಿಲಿಮೀಟರ್ ಪಿಂಗಾಣಿ ಹಚ್ಚುವುದು ವ್ಯರ್ಥ ಹಿಂಸೆಯೇ ಸರಿ. ಸ್ವಿಟ್ಜರ್ಲೆಂಡಿನಲ್ಲಿ ಒಟ್ಟಾಗಿ ಕೆಲಸ ಮಾಡಿದ ಪಾಸ್ಕಲ್ ಮಾಞ್ ಮತ್ತು ಉರ್ಸ್ ಬೆಲ್ಸರ್ ಹಾಗೂ ಇಸ್ತಾಂಬುಲ್‌ನ ಗಾಲಿಪ್ ಗುರೆಲ್ ಅಳತೆಯ ಆರಂಭಬಿಂದುವನ್ನೇ ಬದಲಿಸಿದರು. ಇವರ ಕ್ರಮದಲ್ಲಿ ಬರ್ ಕೈಗೆತ್ತಿಕೊಳ್ಳುವ ಮೊದಲು, ಚಿಕಿತ್ಸೆ ಮುಗಿದ ಮೇಲೆ ಹಲ್ಲುಗಳು ಹೇಗಿರಬೇಕೆಂಬುದನ್ನು ಅಚ್ಚಿನ ಮೇಲೆ ಮೇಣದಿಂದ ತಿದ್ದಿ ರೂಪಿಸಲಾಗುತ್ತದೆ. ಆ ರೂಪದ ಸಿಲಿಕೋನ್ ಪಡಿಯಚ್ಚಿನೊಳಗೆ ಹಲ್ಲುಬಣ್ಣದ ರಾಳ ತುಂಬಿ ರೋಗಿಯ ಬಾಯಲ್ಲಿ ಒತ್ತಿದರೆ, ಕೆತ್ತದ ಹಲ್ಲುಗಳ ಮೇಲೆ ಭಾವೀ ಹಲ್ಲುಗಳ ಮಾದರಿ ಕೂರುತ್ತದೆ. ಮಾಕಪ್ ಎಂದು ಕರೆಯಲಾಗುವ ಈ ಮಾದರಿಯೊಂದಿಗೆ ರೋಗಿ ಮಾತಾಡಿ, ನಕ್ಕು, ಕನ್ನಡಿ ನೋಡಿ ಒಪ್ಪಿದ ಬಳಿಕ, ವೈದ್ಯರು ಆಳಸೂಚಕ ಬರ್ ಅನ್ನು ಮಾದರಿಯ ಮೇಲೆಯೇ ಓಡಿಸುತ್ತಾರೆ. ಹಲ್ಲು ಒಳಸರಿದಿರುವ ಕಡೆ ಬರ್ ಬರಿಯ ರಾಳವನ್ನು ಕತ್ತರಿಸಿ ನಿಲ್ಲುತ್ತದೆ, ಹಲ್ಲು ಉಬ್ಬಿರುವ ಕಡೆ ಮಾತ್ರ ಎನಾಮಲ್ಲನ್ನು ಮುಟ್ಟುತ್ತದೆ. ಹಿಂದಿನ ಕ್ರಮದಲ್ಲಿ ಬರ್‌ಗೆ ಬಲಿಯಾಗುತ್ತಿದ್ದ ಎನಾಮಲ್ಲಿನ ಬಹುಪಾಲು ಹೀಗೆ ಉಳಿಯುತ್ತದೆ. ಬೇರೆ ವಿಧಾನಗಳ ನಡುವಿನ ವ್ಯತ್ಯಾಸಗಳೆಲ್ಲ ಸೇರಿದರೂ ಈ ಒಂದು ಬದಲಾವಣೆಯ ಮಹತ್ವಕ್ಕೆ ಸಮವಾಗಲಾರವು.

ಉಳಿದ ಎನಾಮಲ್ಲಿಗೆ ಇಷ್ಟು ಬೆಲೆ ಏಕೆ ಎಂಬುದಕ್ಕೆ ಗುರೆಲ್ ಮತ್ತು ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ, 66 ಜನರ 580 ವೆನೀರ್‌ಗಳನ್ನು 12 ವರ್ಷಗಳವರೆಗಿನ ಅವಧಿಯಲ್ಲಿ ಗಮನಿಸಿದ ವರದಿ ಉತ್ತರಿಸುತ್ತದೆ. ಡೆಂಟಿನ್ನಿಗೆ ಅಂಟಿದ್ದ, ಅಂಚೂ ಡೆಂಟಿನ್ನಿನಲ್ಲೇ ಇದ್ದ ವೆನೀರ್‌ಗಳು ಕೈಕೊಡುವ ಸಾಧ್ಯತೆ ಎನಾಮಲ್ಲಿಗೆ ಅಂಟಿದವುಗಳಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚೆಂದು ಅದು ಕಂಡುಕೊಂಡಿತು. ಇದರಲ್ಲಿ ಅಂಟಿನ ಪಾತ್ರವಷ್ಟೇ ಅಲ್ಲ, ಆಧಾರದ ಬಿಗುವಿನ ಪಾತ್ರವೂ ಇದೆ: ಬಾಗುವ ಡೆಂಟಿನ್ನಿನ ಮೇಲೆ ಬಾಗಲಾರದ ಪಿಂಗಾಣಿ ಕೂತರೆ, ಕಚ್ಚಿದಾಗಲೆಲ್ಲ ಅದು ಹಾಸಿಗೆಯ ಮೇಲಿಟ್ಟ ಗಾಜಿನಂತೆ ಬಿರುಕಿಗೆ ಒಡ್ಡಿಕೊಳ್ಳುತ್ತದೆ. ಡೆಂಟಿನ್ ಬಯಲಾಗುವುದು ಅನಿವಾರ್ಯವಾದ ಕಡೆ, ಅಳತೆಯಚ್ಚು ತೆಗೆಯುವ ಮೊದಲೇ ಅದಕ್ಕೆ ಅಂಟುರಾಳ ಸವರಿ ಮುಚ್ಚಬೇಕೆಂಬ ಮಾಞ್ ಅವರ ಸಲಹೆ ಈಗ ವ್ಯಾಪಕವಾಗಿ ಮಾನ್ಯವಾಗಿದೆ.

ಹಾಗಾದರೆ ಕೆತ್ತದೆಯೇ ಅಂಟಿಸಿದರಾಗದೆ? 0.3 ಮಿಲಿಮೀಟರಿನಷ್ಟು ತೆಳುವಾದ ಪಿಂಗಾಣಿಯನ್ನು ಮುಂದಿಟ್ಟುಕೊಂಡು ಕೆಲವು ಕಂಪನಿಗಳು ಪ್ರಚಾರ ಮಾಡುವುದು ಇದನ್ನೇ. ಹಲ್ಲುಗಳು ಚಿಕ್ಕದಾಗಿದ್ದು ಸಂದು ಬಿಟ್ಟಿದ್ದರೆ ಅಥವಾ ಒಳಸರಿದಿದ್ದರೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಆದರೆ ಗಾತ್ರದಲ್ಲಿ ಸರಿಯಾಗಿಯೇ ಇರುವ ಹಲ್ಲಿಗೆ ಹೀಗೆ ಪದರ ಸೇರಿಸಿದರೆ ತುಟಿ ಮುಂದೆ ಬರುತ್ತದೆ, ಒಸಡಿನ ಬಳಿ ಪಿಂಗಾಣಿ ಮೆಟ್ಟಿಲಿನಂತೆ ನಿಂತು ಆಹಾರದ ಕಿಲುಬನ್ನು ಹಿಡಿದಿಡುತ್ತದೆ, ಒಸಡು ಕೆಂಪೇರಿ ಊದಿಕೊಳ್ಳುತ್ತದೆ. ಎಂದೂ ತೇಯದ ಎನಾಮಲ್ಲಿನ ಅತಿ ಹೊರಗಿನ ಪದರ ಆಮ್ಲಕ್ಕೆ ಅಷ್ಟಾಗಿ ಮಣಿಯುವುದಿಲ್ಲವಾದ್ದರಿಂದ ಮೈಯನ್ನು ತುಸುವಾದರೂ ಉರುಟು ಮಾಡಬೇಕಾಗುತ್ತದೆ; ಎಂದರೆ ಪೂರ್ತಿ ‘ಕೆತ್ತದ’ ವೆನೀರ್ ಎಂಬುದು ಬಹುಪಾಲು ಜಾಹೀರಾತಿನ ಮಾತು.

ಕಚ್ಚುವ ಅಂಚನ್ನು ಹೇಗೆ ಮುಗಿಸಬೇಕೆಂಬ ಬಗ್ಗೆ ವೈದ್ಯರಲ್ಲಿ ಇಂದಿಗೂ ಒಮ್ಮತವಿಲ್ಲ. ಅಂಚನ್ನು ಮುಟ್ಟದೆ ಕಿಟಕಿಯ ಚೌಕಟ್ಟಿನಂತೆ ಉಳಿಸಿಕೊಂಡರೆ ಹಲ್ಲೇನೋ ಉಳಿಯುತ್ತದೆ, ಆದರೆ ಪಿಂಗಾಣಿಯೂ ಹಲ್ಲೂ ಕೂಡುವ ಗೆರೆ ಕಾಣುತ್ತದೆ ಮತ್ತು ಆಸರೆ ಕಳೆದುಕೊಂಡ ಎನಾಮಲ್ಲಿನ ಅಂಚು ಚಕ್ಕೆ ಏಳುತ್ತದೆ. ಅಂಚಿನವರೆಗೆ ತೆಳುವಾಗಿಸುತ್ತ ಹೋಗುವ ಗರಿಯಂಚಿನ ಕ್ರಮದಲ್ಲಿ ಹಲ್ಲಿನ ಉದ್ದ ಹಾಗೆಯೇ ಉಳಿದರೂ, ಪಿಂಗಾಣಿ ಅತಿ ತೆಳುವಾಗಿರುವುದು ಅತಿ ಹೆಚ್ಚು ಬಲ ಬೀಳುವ ಜಾಗದಲ್ಲೇ ಆಗುತ್ತದೆ. ಅಂಚನ್ನು 1ರಿಂದ 2 ಮಿಲಿಮೀಟರ್ ನೇರವಾಗಿ ಕುಗ್ಗಿಸಿ, ಅದರ ಮೇಲೆ ಪಿಂಗಾಣಿಯನ್ನು ಕೂರಿಸುವ ಮೂರನೆಯ ಕ್ರಮ ಹಲ್ಲನ್ನು ಹೆಚ್ಚು ಬೇಡುತ್ತದಾದರೂ, ಸಹಜ ಹಲ್ಲಿನ ಅಂಚಿನಲ್ಲಿ ಕಾಣುವ ಪಾರದರ್ಶಕ ನೀಲಿ ಛಾಯೆಯನ್ನು ಮೂಡಿಸಲು ಲ್ಯಾಬಿನ ಕುಶಲಕರ್ಮಿಗೆ ಅವಕಾಶ ಕೊಡುತ್ತದೆ, ಅಂಟಿಸುವಾಗ ವೆನೀರ್ ತನ್ನ ಜಾಗವನ್ನು ತಾನೇ ಹುಡುಕಿ ಕೂರುತ್ತದೆ. ಇನ್ನೂ ಮುಂದುವರಿದು ಪಿಂಗಾಣಿಯನ್ನು ಹಲ್ಲಿನ ಹಿಂಬದಿಗೆ ಮಡಚುವ ಕ್ರಮವೂ ಇದೆ. ಹಿಂಬದಿಯ ತಗ್ಗಿನಲ್ಲಿ ಎಳೆತದ ಒತ್ತಡ ಹೆಚ್ಚಿರುವುದರಿಂದ ಪಿಂಗಾಣಿಯ ಅಂಚು ಅಲ್ಲಿಗೆ ಇಳಿದರೆ ಬಿರುಕಿಗೆ ಆಹ್ವಾನ. ಹಲ್ಲನ್ನು ಉದ್ದಗೊಳಿಸಬೇಕಾದ ಕಡೆ ಮಾದರಿಯೇ ಆ ಹೆಚ್ಚುವರಿ ಉದ್ದವನ್ನು ತೋರಿಸಿಕೊಡುವುದರಿಂದ ಮೂರನೆಯ ಕ್ರಮದಲ್ಲೂ ಕೆತ್ತನೆ ಅತ್ಯಲ್ಪವಾಗುತ್ತದೆ.

ಈ ಚರ್ಚೆಯೆಲ್ಲ ವೆನೀರ್‌ಗೆ ಸೀಮಿತ. ಹಲ್ಲನ್ನು ಸುತ್ತಲೂ ಕೆತ್ತಿ ಟೋಪಿಯಂತೆ ಹಾಕುವ ಕ್ಯಾಪ್ ಅಥವಾ ಕ್ರೌನ್ ಬೇರೆಯೇ ಚಿಕಿತ್ಸೆ. ಎಡಲ್‌ಹಾಫ್ ಮತ್ತು ಸೊರೆನ್ಸನ್ 2002ರಲ್ಲಿ ತೂಗಿ ನೋಡಿದಂತೆ, ವೆನೀರ್‌ಗಾಗಿ ಹಲ್ಲಿನ ಕಾಣುವ ಭಾಗದ ಶೇ 3ರಿಂದ 30ರಷ್ಟು ಹೋದರೆ ಪೂರ್ಣ ಕ್ರೌನ್‌ಗಾಗಿ ಶೇ 63ರಿಂದ 72ರಷ್ಟು ಹೋಗುತ್ತದೆ. ಅಗ್ಗದ ಪ್ಯಾಕೇಜಿಗೆ ಮರುಳಾಗಿ ವಿದೇಶಕ್ಕೆ ಹಾರಿ, ವೆನೀರ್ ಎಂದುಕೊಂಡು ಕ್ರೌನ್ ಹಾಕಿಸಿಕೊಂಡು ಬಂದವರ ಹಲ್ಲಿಗೆ ಬ್ರಿಟನ್ನಿನಲ್ಲಿ ‘ಟರ್ಕಿ ಹಲ್ಲು’ ಎಂಬ ಅಡ್ಡಹೆಸರೇ ಬಿದ್ದಿದೆ. ಹಲ್ಲುಳಿಸುವ ಕ್ರಮಕ್ಕೆ ದುಡಿದ ಗುರೆಲ್ ಅವರ ದೇಶಕ್ಕೆ ಈ ಹೆಸರು ಅಂಟಿದ್ದು ವಿಪರ್ಯಾಸ.

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿಯ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ದಾಟಿರುವ ಊರುಗಳಲ್ಲಿ, ಬಾಲ್ಯದಲ್ಲಿ ಆ ನೀರು ಕುಡಿದವರ ಹಲ್ಲಿನ ಮೇಲೆ ಬಿಳಿಯ ಅಥವಾ ಕಂದು ಕಲೆ ಉಳಿಯುತ್ತದೆ. ಇದನ್ನು ದಂತ ಫ್ಲೋರೋಸಿಸ್ ಎನ್ನುತ್ತಾರೆ. ಇಂಥ ಎನಾಮಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಜಗ್ಗುವುದಿಲ್ಲ, ಅದರ ಕೆಳಗಿನ ಪದರವೋ ರಂಧ್ರಮಯ. ಆದಕಾರಣ ಆಮ್ಲವನ್ನು ಹೆಚ್ಚು ಹೊತ್ತು ಬಿಡಬೇಕಾಗುತ್ತದೆ ಅಥವಾ ಮೇಲ್ಪದರವನ್ನು ತೆಳುವಾಗಿ ತೆಗೆಯಬೇಕಾಗುತ್ತದೆ. ಮಾದರಿಯಿಂದ ಅಳೆದ ಕನಿಷ್ಠ ಕೆತ್ತನೆ ಇಲ್ಲಿ ಯಾವಾಗಲೂ ಸಾಕಾಗದು. ಹಾಗೆಂದು ಪ್ರತಿಯೊಂದು ಕಲೆಗೂ ವೆನೀರ್ ಬೇಕಿಲ್ಲ. ಕಲೆ ಮೇಲುಮೇಲಿನದಾಗಿದ್ದರೆ ಆಮ್ಲಮಿಶ್ರಿತ ಲೇಪದಿಂದ ಉಜ್ಜುವ, ಬಿಳುಪುಗೊಳಿಸುವ ಅಥವಾ ತೆಳುರಾಳವನ್ನು ಒಳಗೆ ಹೀರಿಸುವ ಕ್ರಮಗಳಿಂದಲೇ ಗುಣ ಕಾಣುವುದುಂಟು.

ವೆನೀರ್ ಹಾಕಿಸಿಕೊಳ್ಳಲು ನಿರ್ಧರಿಸಿದವರು ಕುರ್ಚಿಯ ಮೇಲೆ ಒರಗುವ ಮುನ್ನ ವೈದ್ಯರನ್ನು ಮೂರು ಮಾತು ಕೇಳುವುದು ಒಳಿತು: ಹಾಕುವುದು ವೆನೀರೋ ಕ್ರೌನೋ, ಕೆತ್ತುವ ಮೊದಲು ಬಾಯಲ್ಲಿ ಮಾದರಿ ಕೂರಿಸಿ ತೋರಿಸುತ್ತಾರೆಯೇ, ಒಸಡಿನ ಬಳಿ ಎನಾಮಲ್ ಉಳಿಯುತ್ತದೆಯೇ. ಇವುಗಳಿಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಎದ್ದು ಬಂದು ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಬಹುದು. ವೆನೀರ್ ತುರ್ತು ಚಿಕಿತ್ಸೆಯಲ್ಲ.