ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ಸ್ಕೂಟರಿಗೆ ಹೇಗೆ ಗೊತ್ತಾಗುತ್ತದೆ?

ಎಲೆಕ್ಟ್ರಿಕ್ ಸ್ಕೂಟರಿನ ಪರದೆಯ ಮೇಲೆ ಶೇ. 43 ಎಂದು ಕಾಣುತ್ತದಲ್ಲ, ಅದನ್ನು ಯಾವ ಸೆನ್ಸರೂ ಅಳೆದು ಹೇಳಿದ್ದಲ್ಲ. ಪೆಟ್ರೋಲ್ ಟ್ಯಾಂಕಿನಲ್ಲಾದರೆ ಒಂದು ಬುರುಡೆ ತೇಲುತ್ತಿರುತ್ತದೆ, ಮಟ್ಟ ಇಳಿದಂತೆ ಅದೂ ಇಳಿಯುತ್ತದೆ. ಲಿಥಿಯಂ ಸೆಲ್ಲಿನೊಳಗೆ ಹಾಗೆ ಇಣುಕಿ ನೋಡಲು ದಾರಿಯೇ ಇಲ್ಲ. ಹೊರಗಿನಿಂದ ಸಿಗುವುದು ವೋಲ್ಟೇಜ್, ಕರೆಂಟ್ ಮತ್ತು ಉಷ್ಣತೆ, ಅಷ್ಟೇ. ಇವುಗಳಿಂದ ಒಳಗಿನ ಚಾರ್ಜನ್ನು ಅಂದಾಜಿಸಿ, ಅದನ್ನು ನಂಬಿ ಮೋಟಾರಿಗೆ ಎಷ್ಟು ಕರೆಂಟ್ ಬಿಡಬಹುದೆಂದು ತೀರ್ಮಾನಿಸುವುದು ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಬಿಎಂಎಸ್.

ಅಂದಾಜಿಗೆ ಎರಡು ದಾರಿಗಳಿವೆ, ಎರಡರಲ್ಲೂ ಕೊರತೆ ಇದೆ. ಮೊದಲನೆಯದು ಹೋದ ಕರೆಂಟನ್ನು ಲೆಕ್ಕವಿಡುವುದು. 60 ಆಂಪಿಯರ್-ಗಂಟೆಯ ಪ್ಯಾಕಿನಿಂದ 15 ಹೋಗಿದ್ದರೆ ಉಳಿದದ್ದು ಮುಕ್ಕಾಲು. ಆದರೆ ಸೆನ್ಸರ್ ಬರೀ 0.1 ಆಂಪಿಯರ್ ತಪ್ಪು ತೋರಿಸಿದರೂ 24 ಗಂಟೆಗೆ 2.4 ಆಂಪಿಯರ್-ಗಂಟೆ, ಅಂದರೆ ಶೇ. 4ರಷ್ಟು ಲೆಕ್ಕ ತಪ್ಪುತ್ತದೆ. ಈ ತಪ್ಪು ತಾನಾಗಿ ಸರಿಹೋಗುವುದಿಲ್ಲ, ಕೂಡುತ್ತಲೇ ಹೋಗುತ್ತದೆ.

ಇನ್ನೊಂದು ದಾರಿ ವೋಲ್ಟೇಜ್. ಚೆನ್ನಾಗಿ ವಿಶ್ರಾಂತಿ ಪಡೆದ ಸೆಲ್ಲಿನ ವೋಲ್ಟೇಜ್ ನೋಡಿ ಚಾರ್ಜ್ ಹೇಳಬಹುದು. ಓಡುವ ಗಾಡಿಯಲ್ಲಿ ವಿಶ್ರಾಂತಿ ಎಲ್ಲಿಂದ ಬರಬೇಕು? 14 ಸೆಲ್‌ಗಳು ಸಾಲಾಗಿ ಇರುವ ಪ್ಯಾಕಿನ ಆಂತರಿಕ ರೋಧ 0.05 ಓಮ್ ಎಂದಿಟ್ಟುಕೊಳ್ಳಿ. ಫ್ಲೈಓವರ್ ಏರುವಾಗ 60 ಆಂಪಿಯರ್ ಎಳೆದರೆ ವೋಲ್ಟೇಜ್ ತಟ್ಟನೆ 3 ವೋಲ್ಟ್ ಕುಸಿಯುತ್ತದೆ. ಅದನ್ನೇ ನಂಬಿದರೆ ಬ್ಯಾಟರಿಯ ಕಾಲುಭಾಗ ಕ್ಷಣದಲ್ಲಿ ಮಾಯವಾದಂತೆ ಕಾಣುತ್ತದೆ, ಏರು ಮುಗಿದೊಡನೆ ಮರಳಿ ಬರುತ್ತದೆ.

ಈ ಎರಡನ್ನೂ ಬೆಸೆಯುವ ಜಾಣ್ಮೆ ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರುಡಾಲ್ಫ್ ಕಾಲ್ಮನ್ ಅವರದು. 1960ರಲ್ಲಿ ಅವರು ಪ್ರಕಟಿಸಿದ ಫಿಲ್ಟರ್ ಎಂಬ ಲೆಕ್ಕದ ವಿಧಾನವನ್ನು ಚಂದ್ರನತ್ತ ಹೊರಟ ಅಪೊಲೊ ನೌಕೆಯ ಸ್ಥಾನ, ವೇಗ ಅಂದಾಜಿಸಲು ಬಳಸಿದರು. ಕೊಲೊರಾಡೊದ ಗ್ರೆಗರಿ ಪ್ಲೆಟ್ 2004ರಲ್ಲಿ ಅದನ್ನು ಲಿಥಿಯಂ ಬ್ಯಾಟರಿಗೆ ಹೇಗೆ ಅಳವಡಿಸಬೇಕೆಂದು ವಿವರವಾಗಿ ಬರೆದರು.

ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು, ಮೇಲಿನ 60 ಆಂಪಿಯರ್-ಗಂಟೆಯ, 14 ಸೆಲ್‌ಗಳ ಪ್ಯಾಕಿನಲ್ಲಿ ಒಂದೇ ಒಂದು ಸೆಕೆಂಡನ್ನು ಹಿಡಿದು ನೋಡೋಣ. ಈವರೆಗಿನ ಅಂದಾಜು ಶೇ. 60, ಎಳೆಯುತ್ತಿರುವುದು 40 ಆಂಪಿಯರ್. ಲೆಕ್ಕದ ಪ್ರಕಾರ ಮುಂದಿನ ಸೆಕೆಂಡಿಗೆ ಶೇ. 59.98 ಇರಬೇಕು. ಅಷ್ಟು ಚಾರ್ಜ್ ನಿಜವಾಗಿದ್ದರೆ ವಿಶ್ರಾಂತಿಯಲ್ಲಿ ಸುಮಾರು 52.5 ವೋಲ್ಟ್ ಇರಬೇಕಿತ್ತು. 40 ಆಂಪಿಯರಿಗೆ 2 ವೋಲ್ಟ್ ಕಳೆದರೆ 50.5. ಮೀಟರ್ ತೋರಿಸಿದ್ದು 50.3. ಈ 0.2 ವೋಲ್ಟಿನ ವ್ಯತ್ಯಾಸವನ್ನು ಪೂರ್ತಿ ನಂಬಿದರೆ ಅಂದಾಜನ್ನು ಸುಮಾರು ಶೇ. 2 ಇಳಿಸಬೇಕು. ಫಿಲ್ಟರ್ ಹಾಗೆ ದುಡುಕುವುದಿಲ್ಲ. ತನ್ನ ಲೆಕ್ಕದಲ್ಲಿ ಎಷ್ಟು ಅನುಮಾನವಿದೆ, ಮೀಟರಿನಲ್ಲಿ ಎಷ್ಟು ಗದ್ದಲವಿದೆ ಎಂದು ತೂಗಿ, ಒಂದು ಚೂರು ಮಾತ್ರ ತಿದ್ದಿಕೊಳ್ಳುತ್ತದೆ. ಮುಂದಿನ ಸೆಕೆಂಡಿಗೆ ಮತ್ತೆ ಅದೇ ಕೆಲಸ. ತನ್ನ ಅಂದಾಜಿನ ಜೊತೆಗೆ ತನ್ನ ಅನುಮಾನದ ಲೆಕ್ಕವನ್ನೂ ಇಟ್ಟುಕೊಂಡು ನಡೆಯುವುದೇ ಇದರ ನಿಜವಾದ ಬಲ ಎಂದು ನನಗನ್ನಿಸುತ್ತದೆ.

ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳಲ್ಲಿ ಕಥೆ ಕಠಿಣವಾಗುತ್ತದೆ. ಸುಮಾರು ಶೇ. 30ರಿಂದ 80ರವರೆಗೆ ಅವುಗಳ ವೋಲ್ಟೇಜ್ 3.3ರ ಆಸುಪಾಸಿನಲ್ಲೇ ಮಲಗಿರುತ್ತದೆ, ಬದಲಾವಣೆ ತೀರಾ ಅಲ್ಪ. ಅಲ್ಲಿ ತಿದ್ದಿಕೊಳ್ಳಲು ಹೆಚ್ಚುಕಡಿಮೆ ಮಾಹಿತಿಯೇ ಇಲ್ಲ. ಎಂಥ ಫಿಲ್ಟರ್ ಹಾಕಿದರೂ ಇಲ್ಲದ್ದನ್ನು ಹುಟ್ಟಿಸಲಾಗದು. ಕರೆಂಟಿನ ಲೆಕ್ಕವನ್ನೇ ನೆಚ್ಚಿಕೊಂಡು ಸಾಗಬೇಕು, ಚಾರ್ಜ್ ಪೂರ್ತಿ ತುಂಬುವ ಅಥವಾ ಬರಿದಾಗುವ ತುದಿ ಬಂದಾಗ ಸರಿಪಡಿಸಿಕೊಳ್ಳಬೇಕು. ಎಲ್‌ಎಫ್‌ಪಿ ಬ್ಯಾಟರಿಯನ್ನು ಆಗಾಗ ಶೇ. 100ರವರೆಗೆ ಚಾರ್ಜ್ ಮಾಡಿ ಎಂದು ತಯಾರಕರು ಹೇಳುವುದಕ್ಕೆ ಇದೊಂದು ಮುಖ್ಯ ಕಾರಣ. ಸದಾ ಅರೆಬರೆ ಚಾರ್ಜಿನಲ್ಲೇ ಓಡಿಸಿದರೆ ಪರದೆಯ ಅಂಕಿ ನಿಧಾನವಾಗಿ ದಾರಿ ತಪ್ಪುತ್ತದೆ.

ಕರೆಂಟಿಗೆ ಮಿತಿ ಹಾಕುವ ಬಿಎಂಎಸ್‌ನ ಕೆಲಸವೂ ಅಂದಾಜಿನ ಈ ಅನುಮಾನದ ಮೇಲೆಯೇ ನಿಂತಿದೆ. ಸಾಲಿನ 14 ಸೆಲ್‌ಗಳಲ್ಲಿ ಅತಿ ದುರ್ಬಲವಾದದ್ದು ಬರಿದಾದರೆ ಉಳಿದ 13ರಲ್ಲಿ ಎಷ್ಟಿದ್ದರೂ ಪ್ರಯೋಜನವಿಲ್ಲ, ಅಲ್ಲಿಗೆ ನಿಲ್ಲಿಸಲೇಬೇಕು. ಉಷ್ಣತೆಯ ಸೆನ್ಸರ್ ಸಾಮಾನ್ಯವಾಗಿ ಪ್ರತಿ ಸೆಲ್ಲಿಗೂ ಇರುವುದಿಲ್ಲ, ಅದು ಮುಟ್ಟುವುದೂ ಹೊರಮೈಯನ್ನು. ಒಳಗೆ ಇನ್ನೂ ಬಿಸಿ ಇರಬಹುದು. ಹಾಗಾಗಿ ಬಿಎಂಎಸ್ ಮಿತಿಗಿಂತ ಒಂದಿಷ್ಟು ಮೊದಲೇ ಕೈ ಬಿಗಿ ಮಾಡುತ್ತದೆ. ಚಾರ್ಜ್ ತಗ್ಗಿದಾಗ ಪಿಕಪ್ ಕುಗ್ಗುವುದು, ಪೂರ್ತಿ ತುಂಬಿದ ಬ್ಯಾಟರಿಯಲ್ಲಿ ರೀಜನ್ ಬ್ರೇಕಿಂಗ್ (ವೇಗ ತಗ್ಗಿಸುವಾಗ ಬ್ಯಾಟರಿಗೆ ಚಾರ್ಜ್ ಮರಳಿಸುವುದು) ಕಡಿಮೆಯಾಗುವುದು ಇದರಿಂದಲೇ. ಇವು ರಿಪೇರಿ ಕೇಳುವ ದೋಷಗಳಲ್ಲ.

ರಿಪೇರಿ ಬೇಕಾದ ಲಕ್ಷಣ ಬೇರೆ. ಶೇ. 20ರಿಂದ ಅಂಕಿ ಒಮ್ಮೆಲೇ ಒಂದಂಕಿಗೆ ಬಿದ್ದು, ಗಾಡಿ ಸ್ವಲ್ಪ ಹೊತ್ತು ನಿಂತ ಮೇಲೆ ಮತ್ತೆ ಓಡುವಂತಾಗುವುದು ಪದೇ ಪದೇ ಆದರೆ ಯಾವುದೋ ಸೆಲ್ ಸೊರಗಿರುವ ಸಾಧ್ಯತೆ ಹೆಚ್ಚು. ಸರ್ವಿಸ್ ಸೆಂಟರಿನಲ್ಲಿ ಪ್ರತ್ಯೇಕ ಸೆಲ್‌ಗಳ ವೋಲ್ಟೇಜ್ ತೋರಿಸಲು ಕೇಳಿ. ಅದನ್ನು ಗಾಡಿ ಓಡಿಸಿ ಲೋಡ್ ಕೊಟ್ಟು ನೋಡಬೇಕು. ನಿಲ್ಲಿಸಿದ ಗಾಡಿಯಲ್ಲಿ ಸೊರಗಿದ ಸೆಲ್ಲೂ ಗಟ್ಟಿ ಸೆಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿಬಿಡಬಹುದು.