ಅಳಿಸದೆ ತಿದ್ದುವ ಪಾಠ

ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದಲ್ಲಿ ಅಳತೆ ತಪ್ಪಿದರೆ ಹಾಳೆ ಹರಿಯುವಂತಿಲ್ಲ, ರಬ್ಬರಿನಿಂದ ಉಜ್ಜುವಂತೆಯೂ ಇಲ್ಲ. ತಪ್ಪಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವರಿಗೂ ಇಂಥದೇ ಒಂದು ರೆಕಾರ್ಡ್ ಪುಸ್ತಕ ಉಂಟು. ಅದರ ಹೆಸರು ಗಿಟ್.

ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲೈನಕ್ಸ್ ಕರ್ನೆಲ್ಲನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳುಹಿಸಬಹುದು. ಸಾವಿರಾರು ಜನ ಒಂದೇ ಪ್ರೋಗ್ರಾಮಿಗೆ ಕೈಹಾಕಿದಾಗ ಯಾರು, ಯಾವಾಗ, ಏಕೆ ತಿದ್ದಿದರೆಂಬ ಲೆಕ್ಕ ಇಡದಿದ್ದರೆ ಗತಿಯೇನು? ಆ ಲೆಕ್ಕಕ್ಕೆ ಬಳಸುತ್ತಿದ್ದ ವಾಣಿಜ್ಯ ತಂತ್ರಾಂಶದ ಉಚಿತ ಸೌಲಭ್ಯ ನಿಂತುಹೋದಾಗ, 2005ರ ಏಪ್ರಿಲ್‌ನಲ್ಲಿ ಟೋರ್ವಾಲ್ಡ್ಸ್ ಅವರೇ ಗಿಟ್ ಬರೆಯತೊಡಗಿದರು.

ಗಿಟ್‌ನಲ್ಲಿ ಪ್ರತಿ ದಾಖಲೆಗೂ 40 ಅಕ್ಷರ-ಅಂಕಿಗಳ ಒಂದು ಗುರುತು. ಅದನ್ನು ಲೆಕ್ಕಹಾಕುವಾಗ ಹಿಂದಿನ ದಾಖಲೆಯ ಗುರುತೂ ಸೇರುತ್ತದೆ. ಹಳೆಯದರಲ್ಲಿ ಒಂದಕ್ಷರ ಗುಟ್ಟಾಗಿ ಬದಲಿಸಿದರೂ ಮುಂದಿನ ಗುರುತುಗಳೆಲ್ಲ ಬದಲಾಗಿ ಕಳ್ಳತನ ಬಯಲಾಗುತ್ತದೆ.

ಹೊಸಬರಿಗೆ ಮೊದಲು ಹೋಗಬೇಕಾದದ್ದು ಭಯ. ಗಿಟ್ ಇಡೀ ಇತಿಹಾಸದ ನಕಲನ್ನೇ ಕಲಿಯುವವರ ಕಂಪ್ಯೂಟರಿಗೆ ತಂದುಕೊಡುತ್ತದೆ. ಅಲ್ಲಿ ಬ್ರಾಂಚ್ ಎಂಬ ಕವಲು ತೆಗೆದು ಏನನ್ನು ಕೆಡಿಸಿದರೂ ಮೂಲಕ್ಕೆ ಧಕ್ಕೆಯಿಲ್ಲ. ಆದೇಶಗಳನ್ನು ಒಂದು ವಾರದಲ್ಲಿ ಬಾಯಿಪಾಠ ಮಾಡಬಹುದು. ಅದೇನೂ ದೊಡ್ಡದಲ್ಲ. ಕಷ್ಟವಿರುವುದು ಶಿಸ್ತಿನಲ್ಲಿ.

ಕರ್ನೆಲ್ಲಿನಲ್ಲಿ 'ಸ್ಟೇಜಿಂಗ್' ಎಂಬ ವಿಭಾಗವೊಂದು 2008ರಿಂದ ಇದೆ. ಇನ್ನೂ ಹದಕ್ಕೆ ಬಾರದ ಡ್ರೈವರುಗಳನ್ನು ಇಡುವ ಜಾಗ ಅದು. ಹೊಸಬರು ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅಂಗಳವಿಲ್ಲ. ಸಾಲುಗಳ ಜೋಡಣೆಯಂಥ ಸಣ್ಣ ದೋಷಗಳನ್ನು 'ಚೆಕ್‌ಪ್ಯಾಚ್' ಎಂಬ ಪ್ರೋಗ್ರಾಮ್ ತೋರಿಸಿಕೊಡುತ್ತದೆ. ತಿದ್ದುವುದು ಸುಲಭ. ಆದರೆ ಒಂದು ತಿದ್ದುಪಡಿಯಲ್ಲಿ ಒಂದೇ ವಿಷಯವಿರಬೇಕು. ಏಕೆ ತಿದ್ದಲಾಯಿತೆಂದು ವಿವರಿಸಬೇಕು. 'ಸರಿಪಡಿಸಲಾಗಿದೆ' ಎಂದಷ್ಟೇ ಬರೆದರೆ ವರ್ಷದ ನಂತರ ಓದುವವನಿಗೆ ಏನು ತಿಳಿದೀತು? ಕೊನೆಗೆ ತಮ್ಮ ಹೆಸರಿನಲ್ಲೇ ರುಜುವಿನ ಸಾಲು ಸೇರಿಸಿ, ಇ-ಮೇಲಿನಲ್ಲಿ ಸಾದಾ ಅಕ್ಷರಗಳಲ್ಲಿ ಕಳುಹಿಸಬೇಕು.

ಅಷ್ಟಾದರೂ ಮೊದಲ ತಿದ್ದುಪಡಿ ಆಕ್ಷೇಪಣೆಗಳೊಂದಿಗೆ ಹಿಂತಿರುಗುವುದು ಸಾಮಾನ್ಯ. ಅದೂ ಎಲ್ಲರೆದುರಿಗೆ! ತರಗತಿಯಲ್ಲಿ ಸದಾ ಮೊದಲಿಗರಾಗಿದ್ದವರೇ ಇಲ್ಲಿ ಹೆಚ್ಚು ನೊಂದುಕೊಳ್ಳುತ್ತಾರೇನೋ. ಮಗಳ ಮುಖ ಬಾಡಿದ್ದು ಕಂಡು 'ಬಿಟ್ಟುಬಿಡು' ಎನ್ನುವ ತಂದೆತಾಯಿ, ಆ ಆಕ್ಷೇಪಣೆಯನ್ನೊಮ್ಮೆ ಓದಿಸಿ ಕೇಳುವುದು ಮೇಲು. ಅನುಭವಿಗಳು ಪುಕ್ಕಟೆಯಾಗಿ ಸಮಯ ಕೊಟ್ಟು ಹೇಳಿದ ಪಾಠ ಅದರಲ್ಲಿರುತ್ತದೆ.

ಮತ್ತೆ ತಿದ್ದಿ ಕಳುಹಿಸುವಾಗ ವಿಷಯದ ಸಾಲಿನಲ್ಲಿ 'ವಿ2' ಎಂದು ಗುರುತಿಸಿ, ಮೊದಲಿಗಿಂತ ಏನು ಬದಲಾಯಿತೆಂದು ಟಿಪ್ಪಣಿ ಬರೆಯುತ್ತಾರೆ. 'ವಿ3', 'ವಿ4' ಕೂಡ ಆಗಬಹುದು. ಒಪ್ಪಿಗೆಯಾದ ದಿನ ಆ ವಿದ್ಯಾರ್ಥಿಯ ಹೆಸರು ತಾರೀಖಿನ ಸಮೇತ ಕರ್ನೆಲ್ಲಿನ ಇತಿಹಾಸಕ್ಕೆ ಸೇರುತ್ತದೆ.